ಮಡಿಕೇರಿಯ ನೆತ್ತಿ ಮೇಲೆ ಹಾದುಹೋಗುವ ಬಾಹ್ಯಾಕಾಶ ನಿಲ್ದಾಣವನ್ನು ನೋಡುವುದು ಹೇಗೆ?

ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನ ಆಕಾಶದ ಆಸೆ ಬಿಟ್ಟುಬಿಡಿ. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಈ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದದ್ದು 2025ರ ಜೂನ್ 26ರಿಂದ ಜುಲೈ 14ರವರೆಗೆ. ನಮ್ಮಲ್ಲಿ ಅದು ಭರ್ತಿ ಮಳೆಗಾಲ. ಹುತ್ತರಿ ಕಳೆದು ಕಾಫಿ ಕೊಯ್ಲು ಶುರುವಾದ ಮೇಲೆ, ಮಾರ್ಚ್‌ನ ಹೂಮಳೆ ಬರುವ ತನಕ ಒಳ್ಳೆಯ ಕಾಲ. ಆಗಲೂ ಬೆಳಗಿನ ಜಾವ ಕಣಿವೆಗಳಲ್ಲಿ ಮಂಜು ಕೂತಿರುತ್ತದೆ. ಹಾಗಾಗಿ ಮೊದಲ ಸಲ ನೋಡುವವರು ಸಂಜೆಯ ಹೊತ್ತನ್ನೇ ಆರಿಸಿಕೊಳ್ಳಿ.

ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 27,600 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಒಂದೂವರೆ ಗಂಟೆ ಚಿಲ್ಲರೆ. ಕಾಣುವುದು ಅದರ ದೀಪವಲ್ಲ, ಸೌರ ಫಲಕಗಳ ಮೇಲೆ ಬಿದ್ದ ಬಿಸಿಲು. ನಮಗೆ ಕತ್ತಲಾಗಿರಬೇಕು, ಮೇಲೆ ಬಿಸಿಲಿರಬೇಕು. ಸೂರ್ಯ ಮುಳುಗಿದ ನಂತರದ ಅಥವಾ ಹುಟ್ಟುವ ಮುಂಚಿನ ಒಂದೂವರೆ ಗಂಟೆಯಷ್ಟೇ ಇದಕ್ಕೆ ಸರಿಯಾದ ಹೊತ್ತು.

ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್ ಅಥವಾ ಹೆವೆನ್ಸ್ ಅಬವ್ ತಾಣದಲ್ಲಿ ನಿಮ್ಮ ಊರನ್ನು ಗುರುತಿಸಿ. ಮಡಿಕೇರಿಗೆ 12.42 ಉತ್ತರ, 75.74 ಪೂರ್ವ. ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಗರಿಷ್ಠ ಎತ್ತರದ ಕೋನ. 40 ಡಿಗ್ರಿಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ: 10 ಡಿಗ್ರಿಯಲ್ಲಿ ಅದು 1,400 ಕಿ.ಮೀ.ಗೂ ಹೆಚ್ಚು ದೂರದಲ್ಲಿರುತ್ತದೆ, ಸಾಲದ್ದಕ್ಕೆ ಗುಡ್ಡ ಮರೆ ಮಾಡುತ್ತದೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ; ದಿಗಂತದಿಂದ ನಾಲ್ಕು ಮುಷ್ಟಿ ಪೇರಿಸಿ ಅಂದಾಜು ಮಾಡಿ. ವಾರದ ಹಿಂದೆ ಬರೆದಿಟ್ಟ ಸಮಯ ನಂಬಬೇಡಿ. ಆಗಾಗ ಎಂಜಿನ್ ಉರಿಸಿ ಕಕ್ಷೆ ಎತ್ತರಿಸುವುದರಿಂದ ಲೆಕ್ಕ ತಪ್ಪುತ್ತದೆ. ಅದೇ ದಿನ ಮತ್ತೊಮ್ಮೆ ನೋಡಿ.

ತೋಟದೊಳಗೆ ನಿಂತರೆ ಸಿಲ್ವರ್ ಓಕ್ ಮರಗಳೇ ಕಾಣುವುದು. ಕಾಫಿ ಒಣಗಿಸುವ ಕಣ, ಶಾಲೆಯ ಮೈದಾನ, ಮನೆಯ ತಾರಸಿ ಮೇಲು. ಆನೆ ಓಡಾಡುವ ಕಡೆ, ಅದರಲ್ಲೂ ಸಿದ್ದಾಪುರದ ಸುತ್ತ, ಕತ್ತಲಲ್ಲಿ ಗದ್ದೆ ಬಯಲಿಗೆ ಇಳಿಯಲೇಬೇಡಿ. ಆರು ನಿಮಿಷದ ನೋಟಕ್ಕೆ ಮನೆಯಂಗಳ ಸಾಕು.

ಅದು ನೈರುತ್ಯದಿಂದ ಈಶಾನ್ಯಕ್ಕೋ, ವಾಯವ್ಯದಿಂದ ಆಗ್ನೇಯಕ್ಕೋ ಹೋಗುತ್ತದೆ. ಮಿನುಗುವುದಿಲ್ಲ, ಸದ್ದಿಲ್ಲ. ಕೆಂಪು ಹಸಿರು ದೀಪ ಮಿಟುಕಿಸಿದರೆ ಅದು ವಿಮಾನ. ಸಂಜೆ ಹೊತ್ತು ಪೂರ್ವಕ್ಕೆ ವಾಲುತ್ತ ನಡುಆಕಾಶದಲ್ಲೇ ಮಂಕಾಗಿ ಆರಿಹೋದರೆ ಗಾಬರಿ ಬೇಡ, ಭೂಮಿಯ ನೆರಳೊಳಗೆ ಹೋಯಿತು ಅಷ್ಟೆ. ಫೋಟೋಕ್ಕೆ ಟ್ರೈಪಾಡ್, 24 ಮಿ.ಮೀ. ಅಥವಾ ಅದಕ್ಕಿಂತ ಅಗಲ ನೋಟದ ಲೆನ್ಸ್, ಐಎಸ್‌ಒ 400, ತಲಾ 10 ಸೆಕೆಂಡಿನ ಸಾಲು ಚಿತ್ರಗಳು. ಇಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ಇಬ್ಬನಿಯಿಂದ. ಲೆನ್ಸ್ ಮುಚ್ಚಳವನ್ನು ಕೊನೆಯ ನಿಮಿಷದಲ್ಲಿ ತೆಗೆಯಿರಿ.

ಒಳಗಿರುವವರು ಆಗ ಏನು ಮಾಡುತ್ತಿರುತ್ತಾರೆ ಎಂದು ಗಡಿಯಾರದಿಂದಲೇ ಹೇಳಬಹುದು. ಅಲ್ಲಿ ನಡೆಯುವುದು ಗ್ರೀನಿಚ್ ಸಮಯ, ನಮ್ಮದರಿಂದ ಐದೂವರೆ ಗಂಟೆ ಕಳೆಯಿರಿ. ನಮ್ಮ ಸಂಜೆ 7 ಅವರಿಗೆ ಮಧ್ಯಾಹ್ನ 1.30, ಊಟದ ಆಸುಪಾಸು. ಬ್ರೆಡ್ ಬದಲು ಚಪಾತಿಯಂಥ ಟಾರ್ಟಿಲ್ಲಾ, ಏಕೆಂದರೆ ಬ್ರೆಡ್ಡಿನ ಪುಡಿ ತೇಲಿ ಕಣ್ಣಿಗೂ ಯಂತ್ರಕ್ಕೂ ಹೋಗುತ್ತದೆ. ಊಟವಾದ ಮೇಲೆ ಪ್ರಯೋಗ, ರಿಪೇರಿ. ಶುಕ್ಲಾ ಇದ್ದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆಯೊಡೆದವು. ಕೆಲಸಕ್ಕೆ ನಿಲ್ಲುವಾಗ ಕಾಲ್ಬೆರಳನ್ನು ಕಂಬಿಯಡಿ ಸಿಕ್ಕಿಸಬೇಕು, ಇಲ್ಲದಿದ್ದರೆ ಸ್ಕ್ರೂ ತಿರುಗಿಸಹೋದವರೇ ತಿರುಗುತ್ತಾರೆ. ಕೈತಪ್ಪಿದ ಸ್ಕ್ರೂವನ್ನು ಹುಡುಕುವ ಜಾಗ ಗಾಳಿ ಹೀರುವ ಜಾಲರಿ. ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಕಡ್ಡಾಯ. ಟ್ರೆಡ್‌ಮಿಲ್ಲಿಗೆ ಪಟ್ಟಿಗಳಿಂದ ಕಟ್ಟಿಕೊಂಡು ಓಡದಿದ್ದರೆ ಮೂಳೆ ಸವೆಯುತ್ತದೆ.

ಬೆಳಗಿನ 5.30ಕ್ಕೆ ಕಂಡರೆ ಅಲ್ಲಿ ನಡುರಾತ್ರಿ. ಗೋಡೆಗೆ ಕಟ್ಟಿದ ಚೀಲದೊಳಗೆ ಮಲಗಿರುತ್ತಾರೆ, ಪಕ್ಕದಲ್ಲಿ ಗಾಳಿಯಾಡಿಸುವ ಫ್ಯಾನು ಸದಾ ಗುಂಯ್‌ಗುಡುತ್ತಿರುತ್ತದೆ. ತೂಕವಿಲ್ಲದ ಕಡೆ ಬಿಸಿ ಉಸಿರು ಮೇಲೇರುವುದಿಲ್ಲ. ಫ್ಯಾನು ನಿಂತರೆ ಬಿಟ್ಟ ಇಂಗಾಲದ ಡೈಆಕ್ಸೈಡು ಮುಖದ ಮುಂದೆಯೇ ಗುಂಪುಗೂಡಿ, ತಲೆನೋವಿನಿಂದ ಎಚ್ಚರವಾಗುತ್ತದೆ.