ಮೆಡಿಕಲ್ ಸ್ಟೋರ್ ತೆರೆಯುವ ಮುನ್ನ: ಮದ್ದು ಯಾರು ಕೊಡಬಹುದು, ಯಾರು ಕೊಡಬಾರದು

ಮದ್ದೂರಿನಲ್ಲೋ ತಿ. ನರಸೀಪುರದಲ್ಲೋ ಒಳ್ಳೆ ಮಳಿಗೆ ಸಿಕ್ಕಿತೆಂದು ಅಡ್ವಾನ್ಸ್ ಕೊಡುವ ಮೊದಲು ಟೇಪು ಹಿಡಿದು ಅಳೆಯಿರಿ. ಚಿಲ್ಲರೆ ಮಾರಾಟಕ್ಕೆ ಕನಿಷ್ಠ 10 ಚದರ ಮೀಟರ್, ಅಂದರೆ ಸುಮಾರು 108 ಚದರ ಅಡಿ ಬೇಕು. ಹೋಲ್‌ಸೇಲೂ ಸೇರಿದರೆ 15 ಚದರ ಮೀಟರ್. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಕಾಯುವ ಫ್ರಿಜ್ ಇರಲಿ. ಅರ್ಜಿ ಫಾರಂ 19ರಲ್ಲಿ. ಸಿಗುವ ಲೈಸೆನ್ಸ್ ಫಾರಂ 20 ಮತ್ತು 21. ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಅದನ್ನು ಉಳಿಸಿಕೊಳ್ಳಬೇಕು.

ಲೈಸೆನ್ಸನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಮದ್ದು ಕೊಡುವ ಹಕ್ಕು ಬರುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿ ನೋಡಿ ಮದ್ದು ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಕೆಲಸದ ಹುಡುಗ ಕಪಾಟಿನಿಂದ ತೆಗೆದುಕೊಡಲಿ, ಆದರೆ ಫಾರ್ಮಸಿಸ್ಟ್ ಎದುರಿಗೇ ನಿಂತು ನೋಡುತ್ತಿರಬೇಕು. ಸರ್ಟಿಫಿಕೇಟನ್ನು ತಿಂಗಳ ಬಾಡಿಗೆಗೆ ತಂದು, ಆ ಮನುಷ್ಯನೇ ಇಲ್ಲದೆ ವ್ಯಾಪಾರ ನಡೆಸುವುದು ದೊಡ್ಡ ತಪ್ಪು. ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಬದಲು 2 ಹೋದರೆ ಮನೆಯ ಅಜ್ಜಿ ಶುಗರ್ ಇಳಿದು ತಲೆ ತಿರುಗಿ ಬೀಳಬಹುದು. ಚೀಟಿ ಓದಲು ಕಲಿತವರು ಬೇಕಾಗುವುದು ಇದಕ್ಕೇ.

ಚೀಟಿಯಲ್ಲಿ ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು-ವಿಳಾಸ, ಪ್ರಮಾಣ ಇವೆಯೇ ನೋಡಿ. ಮತ್ತೆ ಕೊಡಬಹುದೆಂದು ಬರೆದಿಲ್ಲದಿದ್ದರೆ ಒಂದೇ ಸಲ. ಕೊಟ್ಟ ಮೇಲೆ ಚೀಟಿಯ ಮೇಲೆ ಅಂಗಡಿಯ ಹೆಸರು, ವಿಳಾಸ, ತಾರೀಖು ಹಾಕಿ. ಬರೆದ ಬ್ರ್ಯಾಂಡ್ ಇಲ್ಲವೆಂದು, ಒಳಗಿನ ಮದ್ದು ಒಂದೇ ಆದರೂ, ನಾವೇ ಬೇರೆ ಕಂಪನಿಯದನ್ನು ಕೊಡುವಂತಿಲ್ಲ, ಡಾಕ್ಟರನ್ನು ಕೇಳಬೇಕು.

ಲೇಬಲ್ಲಿನಲ್ಲಿ ಕೆಂಪು ಚೌಕಟ್ಟಿರುವ, ಚೀಟಿ ಇಲ್ಲದೆ ಕೊಡಬಾರದ ಎಚ್1 ಪಟ್ಟಿಯ ಮದ್ದುಗಳಿಗೆ (ಸೆಫಿಕ್ಸಿಮ್, ಆಲ್‌ಪ್ರಜೋಲಾಮ್, ಟ್ರಮಡಾಲ್) ಬೇರೆ ರಿಜಿಸ್ಟರ್ ಇಡಿ: ಡಾಕ್ಟರ ಹೆಸರು-ವಿಳಾಸ, ರೋಗಿ, ಮದ್ದು, ಎಷ್ಟು. ಮೂರು ವರ್ಷ ಜೋಪಾನ. ಸಂಜೆ ಒಟ್ಟಿಗೆ ಬರೆಯೋಣವೆಂದರೆ ಒಂದೆರಡು ಬಿಟ್ಟೇ ಹೋಗುತ್ತವೆ, ತಪಾಸಣೆಯಲ್ಲಿ ಸ್ಟಾಕು ತಾಳೆಯಾಗುವುದಿಲ್ಲ.

ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರು, ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಗೆ ಉಳಿಸಿ. ಬಿಲ್ಲಿನಲ್ಲೂ ಅವೆರಡನ್ನು ಬರೆಯಿರಿ. ಡಾಕ್ಟರಿಗೆಂದು ಬಂದ ಸ್ಯಾಂಪಲ್ಲು, ಸರ್ಕಾರಿ ಆಸ್ಪತ್ರೆಯ ಮದ್ದು ಕಪಾಟಿನಲ್ಲಿ ಇರಲೇಬಾರದು.

ದಿನಸಿ ಅಂಗಡಿಯವರು ಪ್ಯಾರಾಸಿಟಮಾಲ್ ಮಾರಬಹುದೇ? ಜನಸಂಖ್ಯೆ 1000 ಮೀರದ ಹಳ್ಳಿಯಲ್ಲಿ, ಒಡೆಯದ ಪ್ಯಾಕಿನಲ್ಲಿ, ಲೈಸೆನ್ಸ್ ಇರುವ ಹೋಲ್‌ಸೇಲರಿಂದ ತಂದಿದ್ದರೆ ಮಾತ್ರ. ಮಂಡ್ಯ, ಮೈಸೂರು ಪೇಟೆಗಳಲ್ಲಿ ಈ ವಿನಾಯಿತಿ ಇಲ್ಲ. ಡಾಕ್ಟರು ತಮ್ಮ ರೋಗಿಗಳಿಗೆ ಮದ್ದು ಕೊಡಬಹುದು, ಆದರೆ ಅಂಗಡಿ ಇಟ್ಟು ದಾರಿಹೋಕರಿಗೆ ಮಾರುವಂತಿಲ್ಲ. ಲೈಸೆನ್ಸೇ ಇಲ್ಲದೆ ಮಾರಿದರೆ ಕನಿಷ್ಠ 3 ವರ್ಷ ಜೈಲು, ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ದಂಡ.