ಮಂಗಳವಾರದ ಡಾಕ್ಟ್ರು: ನನ್ನ ಅನುಭವ

ಯುರಾಲಜಿಯಲ್ಲಿ, ಅಂದರೆ ಮೂತ್ರಾಂಗದ ಶಸ್ತ್ರಚಿಕಿತ್ಸೆಯಲ್ಲಿ, ಎಂಸಿಎಚ್ ಪದವಿ ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ, ರಜೆ ಹೋಗಿದ್ದ ಹಿರಿಯ ಯುರಾಲಜಿಸ್ಟ್ ಒಬ್ಬರ ಕುರ್ಚಿಯಲ್ಲಿ 15 ದಿನ ಕೂರುವುದು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ದೊಡ್ಡ ಡಾಕ್ಟ್ರು ಯಾವಾಗ ಬರ್ತಾರ್ರಿ?"

ಆಮೇಲೆ ಹುಬ್ಬಳ್ಳಿಯಲ್ಲಿ ಮನೆ ಮಾಡಿದೆ. ಮಂಗಳವಾರ ಗದಗ, ಶುಕ್ರವಾರ ಕೊಪ್ಪಳದ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿ ಬರುತ್ತೇನೆ. ಎರಡೂ ಊರು ಒಂದೇ ರೈಲು ದಾರಿಯಲ್ಲಿವೆ. ಒಳಗೆ ನೋಡುವ ಟೆಲಿಸ್ಕೋಪ್, ಮೂತ್ರನಾಳಕ್ಕೆ ಹಾಕುವ ಯುರೆಟೆರೋಸ್ಕೋಪ್, ದಾರಿ ಹಿಡಿಸುವ ಗೈಡ್ ವೈರ್, ನಾಲ್ಕಾರು ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಇಳಿಯಲು ಒಳಗಿಡುವ ನಳಿಕೆ) ನನ್ನ ಬ್ಯಾಗಿನಲ್ಲೇ ಇರುತ್ತವೆ. ಆಪರೇಷನ್ ವೇಳೆ ಎಕ್ಸ್‌ರೇ ತೋರಿಸುವ ಸಿ-ಆರ್ಮ್, ಕರೆಂಟಿನಿಂದ ಕತ್ತರಿಸುವ ಕಾಟರಿ ಆಸ್ಪತ್ರೆಯವು.

"ಎಲ್ಲಾ ಅದಾವ್ರಿ ಸರ್" ಅಂದಿದ್ದನ್ನು ನಂಬಿ ಒಮ್ಮೆ ಹೊಸ ಆಸ್ಪತ್ರೆಯೊಂದಕ್ಕೆ ಹೋದೆ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕೇಸು. ಕಾಟರಿ ಹಳೇ ಮೋನೋಪೋಲಾರ್ ಬಗೆಯದು, ಒಳಗೆ ತೊಳೆಯಲು ಸ್ಟ್ಯಾಂಡಿಗೆ ನೇತು ಹಾಕಿದ್ದು ನಾರ್ಮಲ್ ಸಲೈನ್ (ಉಪ್ಪುನೀರು)! ಸಲೈನಿನಲ್ಲಿ ಕರೆಂಟ್ ಹರಡಿಹೋಗುತ್ತದೆ, ಲೂಪ್ ಅನ್ನುವ ತಂತಿ ಕತ್ತರಿಸುವುದಿಲ್ಲ. ಅದಕ್ಕೆ ಕರೆಂಟ್ ಹರಡದ 1.5% ಗ್ಲೈಸಿನ್ ದ್ರಾವಣ ಬೇಕು. ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಅಜ್ಜನಿಗೆ ಬೆನ್ನಿಗೆ ಅರಿವಳಿಕೆ (ಸ್ಪೈನಲ್) ಕೊಡುವ ಮೊದಲೇ ಕಣ್ಣಿಗೆ ಬಿದ್ದದ್ದು ಪುಣ್ಯ. ಈಗ ಹಿಂದಿನ ಸಂಜೆಯೇ ಬಾಟಲಿ, ಯಂತ್ರ ಎರಡರದ್ದೂ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳುತ್ತೇನೆ.

ಆದರೆ ನಿಜವಾದ ಕಷ್ಟ ಆಪರೇಷನ್ ಅಲ್ಲ, ಮುಗಿಸಿ ರೈಲು ಹತ್ತುವುದು. ಮೊದಲ ವರ್ಷ ಮಧ್ಯಾಹ್ನ, ಮೂತ್ರದ ದಾರಿಯಿಂದಲೇ ಪ್ರಾಸ್ಟೇಟ್ ಕೆರೆದು ತೆಗೆಯುವ ಒಂದು ಟಿಯುಆರ್‌ಪಿ ಮಾಡಿ ಸಂಜೆ ಊರಿಗೆ ಬಂದೆ. ರಾತ್ರಿ 11ಕ್ಕೆ ಸಿಸ್ಟರ್ ಫೋನು: "ಸರ್, ಅಜ್ಜಾರ ಕ್ಯಾಥೆಟರ್ ಬಂದ್ ಆಗೈತ್ರಿ, ಹೊಟ್ಟಿ ಉಬ್ಬೈತಿ." ಮೂತ್ರ ಹೊರಬರುವ ಆ ನಳಿಕೆಗೆ ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತಿತ್ತು. ಮೊದಲು ಮೂತ್ರಕೋಶ ತೊಳೆಯಲು ಮೇಲಿನಿಂದ ಬಿಡುವ ನೀರು ನಿಲ್ಲಿಸಿ ಅಂದೆ. 50 ಎಂಎಲ್ ಸಿರಿಂಜಿನಲ್ಲಿ ಸಲೈನ್ ಹಾಕಿ, ಎಳೆಯಿರಿ, ಮತ್ತೆ ಹಾಕಿ, ಎಳೆಯಿರಿ. ಸ್ಪೀಕರಿನಲ್ಲಿ ಮುಕ್ಕಾಲು ಗಂಟೆ. ಅಜ್ಜ ನರಳುವುದು ನನಗೆ ಕೇಳಿಸುತ್ತಿತ್ತು. ಕೊನೆಗೆ ರಕ್ತದ ಹೆಪ್ಪು ಹೊರಬಂತು, ಮೂತ್ರ ಹರಿಯಿತು. ಉಳಿಸಿದ್ದು ಸಿಸ್ಟರ್, ಬಿಲ್ಲಿನಲ್ಲಿ ಹೆಸರು ನನ್ನದು. ಅಂದಿನಿಂದ ಪ್ರಾಸ್ಟೇಟ್ ಇದ್ದರೆ ಬೆಳಗಿನ ಮೊದಲ ಕೇಸು ಅದೇ, ರಾತ್ರಿ ಅದೇ ಊರಿನ ಲಾಡ್ಜು. ವಾರ್ಡಿನ ಹೊಸ ಸಿಸ್ಟರ್‌ಗಳಿಗೆ ಈ ವಾಷ್ ಕೊಡುವುದನ್ನು ನಾನೇ ಕಲಿಸುತ್ತೇನೆ.

ಬೇಡ ಅನ್ನುವುದೂ ಕಲಿಯಬೇಕಾಯಿತು. ಮೂತ್ರನಾಳದಲ್ಲಿ ಕಲ್ಲು ಅಡ್ಡ ಕೂತು, ಜೊತೆಗೆ ಚಳಿಜ್ವರ ಇದ್ದರೆ ಆ ದಿನ ಕಲ್ಲು ಮುಟ್ಟುವುದಿಲ್ಲ. ಒಡೆಯಲು ಹೋದರೆ ಸೋಂಕು ರಕ್ತಕ್ಕೆ ನುಗ್ಗುತ್ತದೆ. ಸ್ಟೆಂಟ್ ಹಾಕಿ ಕೀವು ಇಳಿಯಲು ಬಿಡುತ್ತೇನೆ, ಕಲ್ಲು ಆಮೇಲೆ. "ಹಳ್ಳು ತಗೀಲಿಲ್ಲಂದ್ರ ರೊಕ್ಕ ಯಾಕ್ರಿ?" ಎಂದು ರೋಗಿಯ ಮಗ ಜಗಳಕ್ಕೆ ಬರುತ್ತಾನೆ. ಬರಲಿ. ದುಡ್ಡಿನ ಮಾತು ಬಂತು ಅಂತ ಈ ಕೆಲಸಕ್ಕೆ ಹೊಸದಾಗಿ ಬರುವ ಡಾಕ್ಟರಿಗೆ ಹೇಳುತ್ತೇನೆ: ಸರ್ಕಾರಿ ಯೋಜನೆಯ ಕೇಸಿನ ದುಡ್ಡು ಯಾವಾಗ ಸಿಗುತ್ತದೆ ಅಂತ ಆಸ್ಪತ್ರೆಯವರನ್ನು ಮೊದಲೇ ಕೇಳಿ. ನಾನು ಕೇಳಿರಲಿಲ್ಲ.

ಒಬ್ಬ ಹೆಣ್ಣುಮಗಳು ಸೊಂಟನೋವು ಅಂತ ಬಂದರು. ಎಕ್ಸ್‌ರೇ ನೋಡಿದರೆ ಒಳಗೆ ಡಿಜೆ ಸ್ಟೆಂಟ್, ಎರಡೂ ತುದಿಗೆ ಕಲ್ಲು ಕಟ್ಟಿದೆ. ಎರಡು ವರ್ಷದ ಹಿಂದೆ ಯಾರೋ ನನ್ನಂಥ ಬಂದು ಹೋಗುವ ಡಾಕ್ಟರು ಹಾಕಿದ್ದು. ಒಳಗೆ ನಳಿಕೆ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತೆಗೆಯುವಂಥದ್ದು ಅದು. ತೆಗೆಯಲು ಎರಡು ಆಪರೇಷನ್ ಬೇಕಾಯಿತು.

ಆವತ್ತೇ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಕೊಂಡೆ. ಹೆಸರು, ಊರು, ಸ್ಟೆಂಟ್ ಹಾಕಿದ ದಿನ, ತೆಗೆಯುವ ದಿನ, ಎರಡು ಫೋನ್ ನಂಬರು. ಒಂದು ಅವರದ್ದು, ಇನ್ನೊಂದು ಮನೆಯಲ್ಲಿ ಫೋನ್ ಎತ್ತುವವರದ್ದು. ತೆಗೆದ ಮೇಲೆ ಕೆಂಪು ಗೆರೆ. ಗೆರೆ ಬೀಳದವರಿಗೆ ರೈಲಿನಲ್ಲಿ ಕೂತು ಫೋನ್ ಮಾಡುತ್ತೇನೆ.

"ಕಡ್ಲಿ ರಾಶಿ ಮುಗಿಸಿ ಬರ್ತೀವ್ರಿ ಸಾಹೇಬ್ರ."

"ರಾಶಿ ಆಮೇಲೆ. ಬರೋ ಮಂಗಳವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ."

ಈ ವಾರ ಗೆರೆ ಬೀಳದ ಹೆಸರು ಎರಡು ಉಳಿದಿವೆ. ಒಂದು ಫೋನು ಸ್ವಿಚ್ ಆಫ್.