ಎಫ್‌ಐವಿ ಇರುವ ಬೆಕ್ಕನ್ನು ಉಳಿದ ಬೆಕ್ಕುಗಳ ಜೊತೆಗೇ ಸಾಕಿದ್ದೇನೆ

ಎಫ್‌ಐವಿ, ಅಂದರೆ ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್, ತಗುಲಿದ ಬೆಕ್ಕನ್ನು ಸೋಂಕಿಲ್ಲದ ಬೆಕ್ಕುಗಳ ನಡುವೆ ಸಾಕಲು ಸಾಧ್ಯವಿಲ್ಲವೆಂದು ನನಗೆ ಹೇಳದವರಿಲ್ಲ. ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಭೀಮನೆಂಬ ಗಂಡುಬೆಕ್ಕು ಈ ಸೋಂಕನ್ನಿಟ್ಟುಕೊಂಡೇ ಐದಾರು ವರ್ಷಗಳಿಂದ ಮೂರು ಬೆಕ್ಕುಗಳ ಜೊತೆ ಬದುಕಿದೆ. ಕಳೆದ ಮಳೆಗಾಲ ಮುಗಿದ ಮೇಲೆ ಮಾಡಿಸಿದ ಪರೀಕ್ಷೆಯಲ್ಲೂ ಆ ಮೂರರ ಫಲಿತಾಂಶ ನೆಗೆಟಿವ್ ಬಂದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಸಲಹೆಯಂತೆ ಭೀಮನನ್ನು ಹಿಂದಿನ ಕೋಣೆಯಲ್ಲಿ ಬೇರೆ ಇಟ್ಟೆವು. ಅದು ಊಟ ಬಿಟ್ಟಿತು. ನಾಲ್ಕೂವರೆ ಕಿಲೋ ಇದ್ದ ತೂಕ ನಾಲ್ಕಕ್ಕಿಂತ ಕೆಳಗಿಳಿಯಿತು. ಈ ವೈರಸ್ ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆಯೇ ಹೊರತು ಒಂದೇ ಬಟ್ಟಲಲ್ಲಿ ನೀರು ಕುಡಿಯುವುದರಿಂದ ಹರಡುವುದು ತೀರ ಅಪರೂಪ. ಹಾಗಾಗಿ ತಡೆಯಬೇಕಾದದ್ದು ಸಹವಾಸವನ್ನಲ್ಲ, ಜಗಳವನ್ನು ಎಂದು ನಿರ್ಧರಿಸಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಅದರ ಸಿಟ್ಟು ಇಳಿಯುವವರೆಗೆ ಕಾದು, ಜಾಲರಿ ಬಾಗಿಲಿನ ಆಚೀಚೆ ಕೆಲವು ವಾರ ಇಟ್ಟು, ಆಮೇಲೆ ಒಟ್ಟಿಗೆ ಬಿಟ್ಟೆ. ಊಟದ ತಟ್ಟೆಗಳನ್ನು ಇಡುವ ಕ್ರಮದಲ್ಲಿ ನನ್ನದೇ ಒಂದು ಉಪಾಯವಿದೆ. ಬೆಕ್ಕುಗಳ ಸ್ವಭಾವವನ್ನು ಕಣ್ಣಾರೆ ನೋಡದೆ ಅದನ್ನು ಹೇಳಿಕೊಡಲು ಬಾರದು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ನೆರೆಯವರ ಭಯ ಬೇರೆಯದಿತ್ತು. 1986ರಲ್ಲಿ ಈ ವೈರಸ್ಸನ್ನು ಗುರುತಿಸಿದಂದಿನಿಂದ ಇಂದಿನವರೆಗೆ ಅದು ಮನುಷ್ಯರಿಗೆ ಅಂಟಿದ ಉದಾಹರಣೆಯಿಲ್ಲವೆಂದು ತಿಳಿಸಿದ ಮೇಲೆ ಅವರ ಮಕ್ಕಳೇ ಭೀಮನನ್ನು ಎತ್ತಿಕೊಳ್ಳತೊಡಗಿದರು.

ಹಣವೆಲ್ಲ ಹೋದದ್ದು ಬಾಯಿಗೆ. ವಸಡು ಕೆಂಪೇರಿ ಜೊಲ್ಲು ಸುರಿಯುತ್ತಿದ್ದಾಗ ಸ್ಟೆರಾಯ್ಡ್ ಚುಚ್ಚುಮದ್ದು, ಆಂಟಿಬಯೋಟಿಕ್ ಎಂದು ಏಳೆಂಟು ಸಾವಿರ ಖರ್ಚಾಯಿತು. ಪ್ರತಿ ಸಲವೂ ಎರಡು ವಾರದ ಉಪಶಮನ, ಮತ್ತೆ ಅದೇ ನೋವು. ಕೊನೆಗೆ ಗೋವಾಕ್ಕೆ ಒಯ್ದು ದವಡೆ ಹಲ್ಲುಗಳನ್ನೆಲ್ಲ ತೆಗೆಸಿದೆ. ರಕ್ತಪರೀಕ್ಷೆ, ಅರಿವಳಿಕೆ, ಕಾರಿನ ಬಾಡಿಗೆ ಸೇರಿ ಇಪ್ಪತ್ತು ಸಾವಿರದ ಹತ್ತಿರ ಬಿದ್ದಿರಬೇಕು. ಹಲ್ಲಿಲ್ಲದ ಬೆಕ್ಕು ಏನು ತಿಂದೀತು ಎಂದು ಕೇಳಿದವರ ಎದುರಿಗೇ ಅದು ಬೇಯಿಸಿ ಮುಳ್ಳು ಬಿಡಿಸಿದ ಬಂಗಡೆಯನ್ನು ತಟ್ಟೆ ನೆಕ್ಕುವವರೆಗೆ ತಿನ್ನುತ್ತದೆ. ತೂಕ ಈಗ ಐದು ಕಿಲೋ.

ಹಸಿ ಮೀನು, ಹಸಿ ಮಾಂಸ ಕೊಡುವುದಿಲ್ಲ, ಏಕೆಂದರೆ ಅದರಲ್ಲಿರುವ ರೋಗಾಣುಗಳನ್ನು ಇಂಥ ದೇಹ ತಡೆದುಕೊಳ್ಳಲಾರದು. ಜೂನ್ ಮತ್ತು ಜುಲೈನಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದು ಮೀನು ದುಬಾರಿಯಾದಾಗ ಒಣಮೀನನ್ನು ನೆನೆಸಿ ಉಪ್ಪು ತೆಗೆದು ಕೊಟ್ಟು ನೋಡಿದೆ. ವಾಂತಿಯಾಯಿತು. ಅಂದಿನಿಂದ ಆ ಎರಡು ತಿಂಗಳು ಬೇಯಿಸಿದ ಕೋಳಿಯೇ ಗತಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಹುಳಕಡ್ಡಿ ಬಾರದ ಬೆಕ್ಕು ಕಡಿಮೆ. ಅದಕ್ಕೆ ಹಿಂದಿನಿಂದ ಕೊಡುತ್ತ ಬಂದಿರುವ ಗ್ರಿಸಿಯೋಫುಲ್ವಿನ್ ಮಾತ್ರೆ ಎಫ್‌ಐವಿ ಇರುವ ಬೆಕ್ಕಿನ ಅಸ್ಥಿಮಜ್ಜೆಯನ್ನು ತೀವ್ರವಾಗಿ ಕುಗ್ಗಿಸಬಲ್ಲದು. ಔಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೂ ನಾನು ಕೊಳ್ಳಲಿಲ್ಲ. ಅದರ ಬದಲು ಭೀಮನಿಗೆ ವೈದ್ಯರಿಂದ ಇಟ್ರಕೊನಜೋಲ್ ಎಂಬ ಇನ್ನೊಂದು ಔಷಧಿ ಬರೆಸಿಕೊಂಡು, ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿ ಕೊಟ್ಟೆ.

ಈಗಿರುವ ಮೂರರಲ್ಲಿ ಕಿರಿಯದು ಬೈತಖೋಲ ಬಂದರಿನ ಬಳಿ ಸಿಕ್ಕಿದ ಮರಿ. ಎರಡು ತಿಂಗಳಿನದಾಗಿದ್ದಾಗ ಅದಕ್ಕೂ ಪಾಸಿಟಿವ್ ಬಂದಿತ್ತು, ಮತ್ತು ಅದನ್ನು ಬಿಟ್ಟುಬಿಡುವಂತೆ ಹಲವರು ಒತ್ತಾಯಿಸಿದರು. ಆದರೆ ಆ ಪರೀಕ್ಷೆಯ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧದ ಪ್ರತಿಕಾಯಗಳನ್ನು, ಹಾಗಾಗಿ ತಾಯಿಯಿಂದ ಬಂದ ಪ್ರತಿಕಾಯಗಳೂ ಅದರಲ್ಲಿ ಪಾಸಿಟಿವ್ ತೋರಿಸುತ್ತವೆ. ಆರು ತಿಂಗಳು ದಾಟಿದ ಮೇಲೆ ಸಾವಿರ ರೂಪಾಯಿಯಷ್ಟು ಕೊಟ್ಟು ಮತ್ತೆ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು.